ಕಣ್ಣು ತೆರೆದು ಕೂತವರು

ಅರಿವು ಕೊಟ್ಟ ಗುರುಪರಂಪರೆಗೆ, ಅನ್ನ ಕೊಟ್ಟ ಈ ಕಾವೇರಿಯ ಸೀಮೆಗೆ, ಎರಡನ್ನೂ ಉಣ್ಣುವಷ್ಟು ಆಯುಸ್ಸನ್ನು ಕರುಣಿಸಿದ ಶ್ರೀರಂಗನಾಥನಿಗೆ ಮೊದಲು ತಲೆಬಾಗುತ್ತೇನೆ. ನಾನು ಇಲ್ಲಿ ನೆನೆಯಹೊರಟಿರುವ ಹಿರಿಯರು ಇಂಥ ವಂದನೆಯನ್ನು ಬಾಯಿಬಿಟ್ಟು ಹೇಳಿದವರಲ್ಲ. ಅವರ ಪಾಲಿನದನ್ನೂ ಸೇರಿಸಿಯೇ ಕೈಮುಗಿದಿದ್ದೇನೆ.

ಮೊನ್ನೆ ಪಾಂಡವಪುರದಿಂದ ಹಿಂದಿರುಗುವಾಗ, ಬಾಬುರಾಯನಕೊಪ್ಪಲಿನ ಬಳಿ ಬಸ್ಸಿನ ಕಿಟಕಿಯಿಂದ ಆಲೆಮನೆಯ ವಾಸನೆ ಒಳನುಗ್ಗಿತು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು ಪಾಕಕ್ಕೆ ಬರುವ ಹೊತ್ತಿನ ವಾಸನೆ, ಸಿಹಿಯ ಅಂಚಿನಲ್ಲಿ ಸ್ವಲ್ಪ ಸೀದದ್ದೂ ಇರುವಂಥದು. ಪಕ್ಕದಲ್ಲಿದ್ದವರು ಹಿತವಾಗಿ ಉಸಿರೆಳೆದುಕೊಂಡರು. ನಾನು ಕಿಟಕಿ ಮುಚ್ಚಿದೆ…

ನಾನು ಸಂಸ್ಕೃತ ಹೇಳಿಕೊಡುತ್ತಿದ್ದ ಪ್ರೌಢಶಾಲೆಯಲ್ಲಿ ಆ ಹಿರಿಯರು ಡ್ರಿಲ್ ಮೇಷ್ಟ್ರು. ಅವರ ಸೀಟಿ ಕೇಳಿದರೆ ಮೈದಾನದಾಚೆಯ ಎಮ್ಮೆಗಳೂ ಮೇವು ಬಿಟ್ಟು ತಲೆಯೆತ್ತುತ್ತಿದ್ದವು. ಹೆಂಡತಿಯ ದೀರ್ಘ ಕಾಯಿಲೆಯ ಕಾಲದಲ್ಲಿ, ಆಸ್ಪತ್ರೆಯ ಬೆಂಚಿನ ಮೇಲೆ, ಯಾರೋ ಹೇಳಿಕೊಟ್ಟ ಧ್ಯಾನ ಅವರನ್ನು ಹಿಡಿದು ನಿಲ್ಲಿಸಿತ್ತು. ಆಕೆ ತೀರಿಕೊಂಡ ಮೇಲೆ, ನಿವೃತ್ತಿಯ ನಂತರ, ತಮ್ಮೂರಿನ ಭಜನೆಮನೆಯಲ್ಲಿ ಭಾನುವಾರದ ಬೆಳಗುಗಳಲ್ಲಿ ಮಕ್ಕಳನ್ನು ಕೂರಿಸಿಕೊಳ್ಳತೊಡಗಿದರು. ಭಜನೆಮನೆಯ ಹಿಂದೆಯೇ ಆಲೆಮನೆ. ಧ್ಯಾನ ಮುಗಿದ ಬಳಿಕ ನಾಲ್ಕು ಶ್ಲೋಕ ಹೇಳಿಕೊಡಲು ನನ್ನನ್ನು ಕರೆಸಿಕೊಂಡರು.

“ಸ್ಕೂಲಲ್ಲಿ ಓಡು ಓಡು ಅಂತಿದ್ರಿ, ಈಗ ಕುಂತ್ಕೋ ಅಂತೀರಲ್ಲ ಸಾ?” ಎಂದು ಹುಡುಗನೊಬ್ಬ ಕೆಣಕಿದ್ದ.

“ಓಡೋದು ಯಾವ್ ನಾಯಿಯಾದ್ರೂ ಕಲ್ಸ್ತದೆ ಕಣ್ಲಾ. ಕುಂತ್ಕೋ, ಕಾಲು ಮಡಿಸ್ಕೋ” ಎಂದಿದ್ದರು ಮೇಷ್ಟ್ರು.

ಅವರ ಪಾಠ ಸರಳವಾಗಿತ್ತು. ಬೆನ್ನು ನೆಟ್ಟಗೆ, ಕಣ್ಣು ಮುಚ್ಚಿ, ಮೂಗಿನ ತುದಿಯಲ್ಲಿ ಉಸಿರು ಬಂದುಹೋಗುವುದನ್ನು ಬಾಗಿಲಲ್ಲಿ ನಿಂತವರಂತೆ ನೋಡುವುದು. ತಾವೂ ಮಕ್ಕಳೆದುರು ಕೂತು ಕಣ್ಣು ಮುಚ್ಚುತ್ತಿದ್ದರು. ಆ ಮುಖದಲ್ಲಿ ಆಗ ಮೂಡುತ್ತಿದ್ದ ನೆಮ್ಮದಿ ನನಗೆ ಎಷ್ಟೋ ಜಪಗಳಲ್ಲಿ ದೊರೆತಿರಲಿಲ್ಲ.

ಹೀಗಿರುವಾಗ ತಾಯಿಯೊಬ್ಬಳು ಹೈಸ್ಕೂಲು ಓದುವ ಮಗಳನ್ನು ಕರೆತಂದಳು. ಹುಡುಗಿಯ ತಮ್ಮ ಆ ಬೇಸಿಗೆಯಲ್ಲಿ ನಾಲೆಯ ಪಾಲಾಗಿದ್ದ. ಅಕ್ಕತಮ್ಮ ನಾಲೆಯ ಏರಿಯ ಮೇಲೆ ಕಣ್ಣಾಮುಚ್ಚಾಲೆ ಆಡುತ್ತಿದ್ದರು. ಕಣ್ಣು ಮುಚ್ಚುವ ಸರದಿ ಇವಳದು. ಮುಖವನ್ನು ಮರಕ್ಕೊತ್ತಿ ಎಣಿಸಿ ತಿರುಗಿದಾಗ ತಮ್ಮನಿರಲಿಲ್ಲ. ಚೆನ್ನಾಗಿ ಬಚ್ಚಿಟ್ಟುಕೊಂಡಿದ್ದಾನೆಂದು ನಗುತ್ತಲೇ ಹುಡುಕಿದ್ದಳಂತೆ…

“ರಾತ್ರಿ ಕಣ್ಣು ಮುಚ್ಚಾಕಿಲ್ಲ ಸಾ. ನಾನೇ ಎದುರ್ಗೆ ಕುಂತಿದ್ರೂ ಬುಟ್ಕೊಂಡೇ ಇರ್ತಾಳೆ. ಅಂಗೇ ಸೊರಗೋಯ್ತಾವ್ಳೆ. ಅವ್ನಂತೂ ಓಗ್ಬುಟ್ಟ, ಇವ್ಳನ್ನಾದ್ರೂ ಉಳ್ಸಿಕೊಡಿ” ಎಂದಳು ತಾಯಿ.

ಮೊದಲ ದಿನ ಎಲ್ಲರೂ ಕಣ್ಣು ಮುಚ್ಚಿದಾಗ ಆ ಹುಡುಗಿ ಎದ್ದು ಗೋಡೆಗೆ ಒರಗಿ ನಡುಗಿದಳು. ಮೇಷ್ಟ್ರು ಹೋಗಿ ಅವಳೆದುರು ನೆಲದ ಮೇಲೆ ಕೂತರು.

“ಕಣ್ಬುಟ್ಟಾಗ ಯಾರೂ ಇಲ್ದಂಗಾದ್ರೆ?” ಎಂದಳು.

“ನಾನಿರ್ತೀನಿ ಕಣವ್ವ. ನೀನು ಮುಚ್ಚು, ನಾನು ಮುಚ್ಚಾಕಿಲ್ಲ. ಯಾವಾಗ್ ಬುಟ್ರೂ ಇಲ್ಲೇ ಇರ್ತೀನಿ, ನೋಡ್ಕೊ.”

ಅವಳು ಮುಚ್ಚಿದಳು. ರೆಪ್ಪೆಯೊಂದು ಬಡಿಯುವಷ್ಟು ಹೊತ್ತು. ಮತ್ತೆ ತೆರೆದಳು. ಮೇಷ್ಟ್ರು ಅಲ್ಲೇ ಇದ್ದರು, ಅವಳನ್ನೇ ನೋಡುತ್ತಿದ್ದರು. ಮುಂದಿನ ವಾರ ಒಂದು ಉಸಿರಿನಷ್ಟು. ಮಾವು ಹೂಬಿಡುವ ವೇಳೆಗೆ ಉಳಿದ ಮಕ್ಕಳ ಜೊತೆಯಲ್ಲೇ ಕೂರುವಂತಾದಳು. ಮನೆಯಲ್ಲಿ ಮಾತ್ರ ಇನ್ನೂ ನಿದ್ದೆ ಬಂದಿರಲಿಲ್ಲ. “ಅಲ್ಲಿ ಮೇಷ್ಟ್ರು ಇರಾಕಿಲ್ವಲ್ಲ” ಎನ್ನುತ್ತಿದ್ದಳಂತೆ.

ಅಂದಿನಿಂದ ಮೇಷ್ಟ್ರು ಆ ಭಜನೆಮನೆಯಲ್ಲಿ ಒಮ್ಮೆಯೂ ಕಣ್ಣು ಮುಚ್ಚಲಿಲ್ಲ. ಕಲಿಸುವವನು ತಾನು ಧ್ಯಾನಕ್ಕಿಳಿಯದೆ ಶಿಷ್ಯರನ್ನು ಇಳಿಸುವುದು ಕ್ರಮವಲ್ಲವೆಂದು ನಾನು ವಾದಿಸಿದೆ. ಮನೆಯಲ್ಲಾದರೂ ಅಭ್ಯಾಸ ನಡೆದಿದೆಯೇ ಎಂದು ಕೇಳಿದೆ.

“ಕುಂತ್ಕೊಂಡ್ರೆ ಆಗ್ತಿಲ್ಲ ಸ್ವಾಮಿ” ಎಂದರು. “ಮುಚ್ಚಿದ್ರೆ ಸಾಕು, ಆ ಮಗಾ ಎಲ್ಲಿ ಕಣ್ಬುಟ್ಟುಬುಟ್ಟಾಳೋ ಅನ್ನುಸ್ತದೆ.”

ಕಷ್ಟಪಟ್ಟು ಗಳಿಸಿದ ನೆಮ್ಮದಿಯನ್ನು ಅವರು ಹೀಗೆ ಕೊಟ್ಟುಬಿಟ್ಟಿದ್ದರು. ಕೊಟ್ಟಿದ್ದೇನೆಂಬ ಭಾವ ಅವರ ದನಿಯಲ್ಲಿ ಇರಲಿಲ್ಲ.

ಆಲೆಮನೆಗಳು ಮತ್ತೆ ಹೊಗೆಯಾಡತೊಡಗಿದ ಚಳಿಗಾಲದ ಒಂದು ಭಾನುವಾರ. ನನ್ನ ಸರದಿಗೆ ಕಾಯುತ್ತ ಹೊರಗೆ ಜಗಲಿಯ ಮೇಲೆ ಕೂತಿದ್ದೆ. ಒಳಗೆ ನಿಶ್ಶಬ್ದ. ಹಿಂಬದಿಯಿಂದ ಪಾಕದ ವಾಸನೆ ದಟ್ಟವಾಗಿ ಬರುತ್ತಿತ್ತು. ಹುಡುಗಿ ಸದ್ದಿಲ್ಲದೆ ಬಾಗಿಲಿಗೆ ಬಂದಳು.

“ಸಾ… ಮೇಷ್ಟ್ರು ಕಣ್ಬುಟ್ಕೊಂಡೇ ಅವ್ರೆ” ಎಂದಳು. “ಆದ್ರೆ ನನ್ನ ನೋಡ್ತಿಲ್ಲ.”

ಒಳಗೆ ಹೋದೆ. ಅವರು ಗೋಡೆಗೆ ಒರಗಿ, ಕಾಲು ಮಡಚಿ, ಎಂದಿನಂತೆಯೇ ಕೂತಿದ್ದರು. ತೆರೆದ ಕಣ್ಣುಗಳು ಮಕ್ಕಳ ಕಡೆಗೇ ಇದ್ದವು. ಉಸಿರಿರಲಿಲ್ಲ. ಅವರೆದುರು ಮಕ್ಕಳೆಲ್ಲ ಕಣ್ಣು ಮುಚ್ಚಿ, ಏನೂ ಅರಿಯದೆ, ಉಸಿರನ್ನು ನೋಡುತ್ತ ಕೂತಿದ್ದವು.

ಹುಡುಗಿ ಮಕ್ಕಳ ನಡುವೆ ಹೋಗಿ ನಿಂತಳು. “ಯಾರೂ ಕಣ್ಬುಡ್ಬೇಡಿ. ಇವತ್ತೊಂದ್ ಆಟ. ಮುಂದ್ಗಡೆಯೋರ ಭುಜ ಇಡ್ಕೊಂಡು ಎದ್ದೇಳಿ” ಎಂದಳು. ಪುಟ್ಟದೊಂದು ಕಿಸಕ್ಕನೆ ನಕ್ಕಿತು. “ರೈಲಾ ಅಕ್ಕ?” ಎಂದಿತು. “ಊಂ ಕಣೊ, ರೈಲು” ಎಂದಳು. ಮೊದಲ ಮಗುವಿನ ಕೈಹಿಡಿದು, ಮೇಷ್ಟ್ರ ಮುಂದಿನಿಂದಲೇ ಆ ಸಾಲನ್ನು ಮೆಲ್ಲಗೆ ಅಂಗಳಕ್ಕೆ ನಡೆಸಿಕೊಂಡು ಹೋದಳು. ಅಲ್ಲಿ ಎಲ್ಲರನ್ನೂ ತನ್ನ ಕಡೆಗೆ ತಿರುಗಿಸಿ ನಿಲ್ಲಿಸಿ, “ಈಗ ಬುಡಿ. ನಾನಿಲ್ಲೇ ಇವ್ನಿ” ಎಂದಳು. ಆಮೇಲೆಯೇ ಅವಳಿಗೆ ಅಳು ಬಂದದ್ದು.

ಆ ರೆಪ್ಪೆಗಳನ್ನು ಇಳಿಸಿದ್ದು ನನ್ನ ಈ ಕೈ. ಎಡಗಣ್ಣು ಪೂರ್ತಿ ಮುಚ್ಚಲಿಲ್ಲ… ಮತ್ತೆ ಇಳಿಸಿದೆ. ಕೂದಲೆಳೆಯಷ್ಟು ಸಂದು ಉಳಿದೇ ಹೋಯಿತು.

ವರ್ಷಗಳು ಕಳೆದಿವೆ. ಭಜನೆಮನೆಯಲ್ಲಿ ಈಗ ಧ್ಯಾನವಿಲ್ಲ. ಹುಡುಗಿ ಬೂಕನಕೆರೆಯ ಕಡೆ ಮದುವೆಯಾಗಿ ಹೋದಳು. ಮೊನ್ನೆ ಬಸ್ಸಿಳಿದು ಮನೆ ಸೇರಿದ ದಿನವೇ ಅವಳಿಗೆ ಫೋನು ಮಾಡಿದೆ. ಸುತ್ತ ಮಕ್ಕಳ ಗಲಾಟೆ ಕೇಳುತ್ತಿತ್ತು. ಅದೂ ಇದೂ ಮಾತಾಡಿ, ಕಡೆಗೆ ಕೇಳಿದೆ: “ನಿದ್ದೆ ಬರುತ್ತದೆಯೇನಮ್ಮ?”

“ಊಂ ಸಾ. ಅವತ್ತು ರಾತ್ರಿಯಿಂದ್ಲೇ” ಎಂದಳು. “ಯಾಕ್ ಬಂತು ಅಂತ ನಂಗೇ ಗೊತ್ತಿಲ್ಲ. ಮೇಷ್ಟ್ರು ಓಗ್ವಾಗ್ಲೂ ನೋಡ್ತಾನೇ ಇದ್ರಲ್ಲ” ಎಂದಳು.

ನನಗೆ ಮಾತ್ರ ಧ್ಯಾನ ಕಷ್ಟವಾಗಿದೆ. ಸಂಧ್ಯೆಯಲ್ಲಿ ಕಣ್ಣು ಮುಚ್ಚಿದರೆ ಇಷ್ಟದೈವದ ಮೂರ್ತಿಗಿಂತ ಮೊದಲು ಮೇಷ್ಟ್ರ ಕಣ್ಣಿನ ಆ ಸಂದು ಬಂದು ನಿಲ್ಲುತ್ತದೆ. ಭಯವೆನ್ನಲಾರೆ, ಭಕ್ತಿಯೆಂದೂ ಹೇಳಲಾರೆ. ಅವರಿಲ್ಲ ಎಂಬುದು ಮಾತ್ರ ಖಂಡಿತವಾಗಿ ತಿಳಿಯುತ್ತದೆ.

ಅಂದು ಭುಜ ಹಿಡಿದು ಅಂಗಳಕ್ಕೆ ನಡೆದ ಮಕ್ಕಳಿಗೆ ದೀರ್ಘಾಯುಸ್ಸಿರಲಿ. ಅವರನ್ನು ನಡೆಸಿದವಳ ಮನೆ ತುಂಬಿರಲಿ. ಮಗನನ್ನು ನೀರಿಗೆ ಕೊಟ್ಟ ತಾಯಿಗೆ ಸಮಾಧಾನ ಸಿಗಲಿ, ನೀರಿನ ಮಗುವಿಗೆ ಸದ್ಗತಿಯಾಗಲಿ. ಆ ಹಿರಿಯರ ಕಣ್ಣಿಗೆ ಭಗವಂತನು ಇನ್ನಾದರೂ ವಿಶ್ರಾಂತಿ ಕೊಡಲಿ.