ಹತ್ತು ನಿಮಿಷಕ್ಕೊಂದು ಮೆಸೇಜು

ಕಡಬದಲ್ಲಿ ಹುಲ್ಲು ಕತ್ತರಿಸುವ ಮೆಷಿನ್ ರಿಪೇರಿ ಮಾಡುವ ಹಮೀದಣ್ಣನಿಗೆ ನಾನೊಂದು ಸಾಫ್ಟ್‌ವೇರ್ ಮಾಡಿಕೊಟ್ಟೆ. ರಿಪೇರಿ ಮುಗಿದವರಿಗೆಲ್ಲ ಬೆಳಿಗ್ಗೆ ಅದು ತಾನಾಗಿಯೇ ಮೆಸೇಜು ಕಳಿಸುತ್ತದೆ: 'ಮೆಷಿನ್ ರೆಡಿ, ಬನ್ನಿ.' ಮೊದಲ ದಿನ ಎಲ್ಲ ಮೆಸೇಜುಗಳೂ ಒಂದೇ ಉಸಿರಿಗೆ ಹೋಗಿ, ಎಲ್ಲರೂ ಒಟ್ಟಿಗೇ ಬಂದು ಅಂಗಡಿಯನ್ನು ಮುತ್ತಿದರು.

"ಎಂತ ಮಾರಾಯ್ರೆ, ಸ್ವಲ್ಪ ನಿಧಾನ ಕಳಿಸ್ಲಿಕ್ಕೆ ಆಗುದಿಲ್ವ?" ಎಂದರು ಹಮೀದಣ್ಣ.

ಮೆಸೇಜುಗಳನ್ನು ಸಾಲಲ್ಲಿ ನಿಲ್ಲಿಸಿ, ಹತ್ತು ನಿಮಿಷಕ್ಕೊಂದೇ ಹೊರಡುವಂತೆ ಮಾಡಿದೆ. ಮರುದಿನ ಮೊದಲನೆಯದು ಇಚಿಲಂಪಾಡಿಯ ಗಿರಿಜಕ್ಕನಿಗೆ ಹೋಯಿತು. ಗಿರಿಜಕ್ಕ ರಿಪೇರಿಗೆ ಮೆಷಿನ್ ಕೊಟ್ಟಿದ್ದ ಜೀಪು ತುಂಬ ಊರವರೊಂದಿಗೆ ಬಂದಿಳಿದರು.

"ನನ್ನದು ಆಯ್ತಲ್ಲ, ಇವರದ್ದೂ ಆಗಿರ್ತದೆ ಅಂತ ಕರ್ಕೊಂಡು ಬಂದೆ. ಜೀಪು ಹೇಗೂ ಬರುದಲ್ವ?"

ಹಮೀದಣ್ಣ ನನ್ನ ಮುಖ ನೋಡಿ ನಕ್ಕರು. ಸಾಫ್ಟ್‌ವೇರ್ ಮಾತ್ರ ಶಿಸ್ತು ಬಿಡಲಿಲ್ಲ. ಅಂಗಡಿ ಎದುರೇ ನಿಂತವರನ್ನು ಹತ್ತು ನಿಮಿಷಕ್ಕೊಬ್ಬರಂತೆ 'ಮೆಷಿನ್ ರೆಡಿ, ಬನ್ನಿ' ಎಂದು ಕರೆಯುತ್ತಲೇ ಇತ್ತು.