ಬಾಯಲ್ಲಿ ಬಾರಿಸುವ ಗಂಟೆ

ಬೆಳಕು ಕಿಟಕಿಯ ತನಕ ಬಂದು, ಒಳಗೆ ಹೋಗಲೋ ಬೇಡವೋ ಎಂದು ನಿಂತಿರುವ ಹೊತ್ತು. ಸರ್ಕಾರಿ ಶಾಲೆಯ ಮೂಲೆಯ ಕೋಣೆಯಲ್ಲಿ ಗಂಟಮ್ಮ ಧೂಳು ಒರೆಸುತ್ತಿದ್ದಾರೆ. ಗೋಡೆಯ ದೊಡ್ಡ ಪರದೆಗೆ ಒಂದು ಬಟ್ಟೆ, ಕ್ಯಾಮೆರಾದ ಕಣ್ಣಿಗೆ ಇನ್ನೊಂದು, ಬೆಂಚುಗಳಿಗೆ ಮತ್ತೊಂದು. ಒಂದರ ಕೆಲಸಕ್ಕೆ ಇನ್ನೊಂದನ್ನು ಮುಟ್ಟಿದಿರೋ, ನಿಮ್ಮ ಕಥೆ ಮುಗಿಯಿತು. ಒರೆಸಿದ್ದಾದ ಮೇಲೆ ಅಂಗಳಕ್ಕೆ ಬಂದು, ಗಂಟೆಯೆಂದು ಕಂಬಕ್ಕೆ ತೂಗುಬಿಟ್ಟ ರೈಲುಹಳಿಯ ತುಂಡನ್ನು ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ ನೋಡುತ್ತಾರೆ, ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ. ನಂತರ ಫ್ಲಾಸ್ಕಿನಿಂದ ಒಂದು ಲೋಟ ಬಿಸಿನೀರು ಸುರಿದು ಗುಟುಕರಿಸುತ್ತಾರೆ.

"ಚಳಿಗೆ ಇದರ ಗಂಟಲೂ ಕಟ್ಟುತ್ತೆ, ನಂದೂ ಕಟ್ಟುತ್ತೆ. ಇದಕ್ಕೆ ಎರಡು ಪೆಟ್ಟು ಜಾಸ್ತಿ ಹಾಕಬಹುದು. ನಂಗೆ ಬಿಸಿನೀರೇ ಗತಿ."

ಗಂಟೆ ಬಾರಿಸುವವರಿಗೆ ಗಂಟಲಿನ ಚಿಂತೆ ಯಾಕೆ ಎಂದು ಕೇಳಿದರೆ ನಗುತ್ತಾರೆ. "ಇರಿ, ಬಿಡುವಿನ ಹೊತ್ತಿಗೆ ಗೊತ್ತಾಗುತ್ತೆ."

ಗಂಟಮ್ಮ ಎಂಬ ಹೆಸರನ್ನು ಯಾವ ಕಾಲದ ಮಕ್ಕಳು ಇಟ್ಟರೋ ತಿಳಿಯದು. ಅಸಲಿ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿದೆ. ಅದನ್ನು ಕರೆದರೆ ಅವರೇ ಹಿಂತಿರುಗಿ ಬೇರೆ ಯಾರಾದರೂ ಇದ್ದಾರೋ ಎಂದು ನೋಡುತ್ತಾರೆ. ಕೆಲಸಕ್ಕೆ ಸೇರಿದಾಗ ಶಾಲೆಯಲ್ಲಿ ಇದ್ದದ್ದು ಒಂದೇ ಬಗೆಯ ಮಕ್ಕಳು, ಬರುವವರು. ಈಗ ಶಾಲೆ ಮೂರು ದಾರಿ ಕೊಟ್ಟಿದೆ: ದಿನವೂ ತರಗತಿಗೆ ಬರಬಹುದು, ಮನೆಯಿಂದಲೇ ಪರದೆಯ ಮೇಲೆ ಓದಬಹುದು, ಅಥವಾ ವಾರದಲ್ಲಿ ಕೆಲವು ದಿನ ಇಲ್ಲಿ, ಕೆಲವು ದಿನ ಅಲ್ಲಿ. ಸುತ್ತೋಲೆಯಲ್ಲಿ ಇವಕ್ಕೆಲ್ಲ ಘನವಾದ ಹೆಸರುಗಳಿವೆ. ಗಂಟಮ್ಮನ ಬಾಯಲ್ಲಿ ಅವು ಬೆಂಚಿನ ಮಕ್ಕಳು, ಪರದೆ ಮಕ್ಕಳು, ಬಂದುಹೋಗೋ ಮಕ್ಕಳು.

ತೊಂದರೆ ಶುರುವಾದದ್ದು ಪರದೆ ಮಕ್ಕಳಿಂದ. ಅವರಲ್ಲಿ ಒಬ್ಬಳು ಗಂಟಮ್ಮನ ಸ್ವಂತ ಮೊಮ್ಮಗಳು. ಕಾಲಿನ ಶಸ್ತ್ರಚಿಕಿತ್ಸೆಯಾಗಿ ಮಲಗಿದ್ದಾಗ ಪರದೆಗೆ ಸೇರಿದವಳು. ಒಂದು ಸಂಜೆ ಆಕೆ ಕೇಳಿದ್ದು ಒಂದೇ ಮಾತು: "ಅಜ್ಜಿ, ನೀನು ಗಂಟೆ ಹೊಡೆಯೋದು ಬಿಟ್ಟುಬಿಟ್ಟಿದೀಯಾ?"

"ನನ್ನ ರಟ್ಟೆ ನೋಡಿ ಹೇಳೇ!" ಎಂದು ಅಜ್ಜಿ ರೇಗಿದರು. ಮಾರನೆಯ ದಿನ ಕಂಪ್ಯೂಟರ್ ಮೇಷ್ಟ್ರು ತಲೆ ಕೆರೆದುಕೊಳ್ಳುತ್ತ ವಿಷಯ ಬಿಡಿಸಿ ಹೇಳಿದರು. ಪಾಠವನ್ನು ಪರದೆ ಮಕ್ಕಳಿಗೆ ಮುಟ್ಟಿಸುವ ಯಂತ್ರ ಮನುಷ್ಯರ ಮಾತನ್ನು ಮಾತ್ರ ಕಳಿಸುತ್ತದೆ, ಉಳಿದದ್ದನ್ನೆಲ್ಲ ಗದ್ದಲವೆಂದು ನುಂಗುತ್ತದೆ. ಫ್ಯಾನಿನ ಗರಗರ, ಬೆಂಚು ಎಳೆಯುವ ಕಿರಿಕಿರಿ, ಅವುಗಳ ಜೊತೆಗೆ ಗಂಟೆ.

"ಇಷ್ಟು ವರ್ಷ ಊರೆಲ್ಲ ಕೇಳಿಸ್ಕೊಂಡಿದ್ದು ಇದಕ್ಕೆ ಗದ್ದಲವಂತೆ!"

ನುಂಗುವುದನ್ನು ನಿಲ್ಲಿಸಿಯೂ ನೋಡಿದರು. ಗಂಟೆ ಕೇಳಿತು, ನಿಜ. ಜೊತೆಗೆ ಫ್ಯಾನು, ಬೆಂಚು, ಕಾರಿಡಾರಿನ ಜಗಳ ಎಲ್ಲವೂ ಕೇಳಿ ಪಾಠ ಮಾತ್ರ ಕೇಳದಾಯಿತು. ಯಂತ್ರಕ್ಕೆ ಮತ್ತೆ ನುಂಗಲು ಅಪ್ಪಣೆ ಸಿಕ್ಕಿತು.

ಹೀಗಿರುವಾಗ ಗಣಿತದ ಟೀಚರು ಬಿಡುವಾದದ್ದು ಮರೆತು ಭಾಗಾಕಾರ ಮುಂದುವರಿಸಿದ್ದ ಒಂದು ದಿನ, ಗಂಟಮ್ಮ ಬಾಗಿಲಲ್ಲಿ ನಿಂತು "ಬಿಡುವಾಯ್ತು ಟೀಚರ್" ಎಂದರು. ತಕ್ಷಣ ಪರದೆಯ ಮೇಲಿನ ಮುಖಗಳೆಲ್ಲ ಚಂಗನೆ ಮಾಯ! ಗಂಟೆ ಹೋಗದ ಕಡೆ ತಮ್ಮ ಗಂಟಲು ಹೋಗುತ್ತದೆ ಎಂಬುದು ಅವರಿಗೆ ಹೊಳೆದದ್ದು ಆವಾಗ. ಅಂದಿನಿಂದ ಅಂಗಳದಲ್ಲಿ ಹಳಿಗೆ ಬಡಿದು, ಸುತ್ತಿಗೆ ಕೈಯಲ್ಲಿ ಹಿಡಿದೇ ಓಡಿಬಂದು, ಮೈಕಿನ ಮುಂದೆ ಬಾಗಿ, ಸ್ಪಷ್ಟವಾಗಿ, ಗಂಭೀರವಾಗಿ ಹೇಳುತ್ತಾರೆ: "ಢಣ್. ಢಣ್. ಢಣ್."

"ಬಿಡುವಾಯ್ತು" ಎಂದೇ ಹೇಳಬಹುದಲ್ಲ?

"ಹಾಗಂದ್ರೆ ನಾನು ಟೀಚರಿಗೆ ಅಪ್ಪಣೆ ಕೊಟ್ಟ ಹಾಗಾಗುತ್ತೆ. ಅವರಿಗೆ ಬೇಜಾರು. ಢಣ್ ಅಂದ್ರೆ ಯಾರಿಗೂ ಬೇಜಾರಿಲ್ಲ."

ಈ ಗಂಟೆಗೂ ಅದರದೇ ರಗಳೆಗಳಿವೆ. ಮನೆಗೆ ಬಿಡುವ ಗಂಟೆ ಉದ್ದ, ಉಸಿರು ಸಾಲುವುದಿಲ್ಲ. ಒಮ್ಮೆ ಪಾಠದ ನಡುವೆ ಕಸದ ಬುಟ್ಟಿ ಎತ್ತಲು ಬಂದವರು ಕೆಮ್ಮಿದರು, ಗಂಟೆ ಬಂತೆಂದು ಪರದೆಯ ಅರ್ಧ ತರಗತಿ ಎದ್ದು ಹೋಯಿತು. ಬೆಂಚಿನ ಮಕ್ಕಳಂತೂ ದಿನವೂ ನಗುತ್ತಾರೆ.

ನಗದಿದ್ದವಳು ಮೊಮ್ಮಗಳು. ಕಾಲು ಕೂಡಿಕೊಂಡಿತ್ತು, ನಡಿಗೆ ಮಾತ್ರ ಸ್ವಲ್ಪ ವಾಲುತ್ತಿತ್ತು. ಹೊಸ ಶಾಲಾ ವರ್ಷಕ್ಕೆ ಯಾವ ದಾರಿ ಎಂದು ಶಾಲೆಗೆ ತಿಳಿಸುವ ವಾರ ಬಂತು. ಒಮ್ಮೆ ತಿಳಿಸಿದರೆ ಇಡೀ ವರ್ಷ ಬದಲಿಸುವಂತಿಲ್ಲ. ಅಜ್ಜಿ ಬೆಂಚಿಗೆ ಕರೆದರು. ಹುಡುಗಿ ತಲೆ ಎತ್ತಲಿಲ್ಲ.

"ಬೇಡಜ್ಜಿ. ಪರದೆ ಮೇಲೆ ಯಾರಿಗೂ ಕಾಲೇ ಇರಲ್ಲ. ಅಲ್ಲಿ ನಾನೂ ಎಲ್ಲರ ಹಾಗೇ."

ಹೊಲಿಗೆ ಯಂತ್ರದ ಮುಂದಿದ್ದ ಗಂಟಮ್ಮನ ಮಗಳು ಅಲ್ಲಿಂದಲೇ, "ಸುಮ್ನಿರಮ್ಮ, ಓದ್ತಾಳಲ್ಲ, ಎಲ್ಲಿ ಕೂತು ಓದಿದ್ರೇನು?" ಎಂದಳು.

"ಓದ್ತಾಳೆ ಕಣೇ. ಜಗಳ ಎಲ್ಲಿ ಆಡ್ತಾಳೆ?"

ಕೆಲವು ಮಕ್ಕಳಿಗೆ ಪರದೆಯೇ ಸರಿಯಾದ ಶಾಲೆ ಎಂದು ಗಂಟಮ್ಮ ಒಪ್ಪುತ್ತಾರೆ. ಇವಳಿಗೂ ಅದೇ ಸರಿಯೋ, ಇಲ್ಲ ಇವಳು ಅಲ್ಲಿ ಅಡಗಿದ್ದಾಳೋ ಎಂಬುದಷ್ಟೇ ಅವರಿಗೆ ತಿಳಿಯದೆ ಒದ್ದಾಟವಾಗಿತ್ತು. ತಿಳಿಸಬೇಕಾದ ದಿನದ ಹಿಂದಿನ ಸಂಜೆ ಹುಡುಗಿಯೇ ಬಾಯಿ ಬಿಟ್ಟಳು.

"ಅಜ್ಜಿ, ದಿನಾ ಅಷ್ಟು ಜನರ ಮುಂದೆ ಢಣ್ ಢಣ್ ಅಂತೀಯ. ಎಲ್ಲ ನಗೋದು ಇಲ್ಲಿಗೂ ಕೇಳ್ಸುತ್ತೆ. ನಾಚಿಕೆ ಆಗಲ್ವಾ?"

"ಆಗುತ್ತೆ ಮರಿ. ಮೊದಲನೇ ಢಣ್‌ಗೆ ಆಗುತ್ತೆ. ಎರಡನೇದಕ್ಕೆ ಪುರುಸೊತ್ತಿರಲ್ಲ."

ಬೆಳಿಗ್ಗೆ ಅಜ್ಜಿ ಚಪ್ಪಲಿ ಮೆಟ್ಟುವಾಗ ಹುಡುಗಿ ಒಳಗಿನಿಂದ ಕೂಗಿದಳು: "ಬಂದುಹೋಗೋದು ಅಂತ ಹೇಳು. ವಾರಕ್ಕೆ ಎರಡೇ ದಿನ. ಜಾಸ್ತಿ ಕೇಳ್ಬೇಡ!"

ಮೊದಲ ದಿನ ಹಿಂದಿನ ಬೆಂಚಿನವನೊಬ್ಬ ಅವಳ ನಡಿಗೆಯನ್ನು ಅಣಕಿಸಿದ. ಕಣ್ಣು ತುಂಬಿಕೊಂಡವಳು, ಕೂತ ಮೇಲೆ, ಪರದೆಯಲ್ಲಿ ಕೇಳಿ ಗೊತ್ತಿದ್ದ ಅವನ ತಡವರಿಸುವ ಓದಿನ ಧಾಟಿಯನ್ನು ಹಾಗೆಯೇ ಒಪ್ಪಿಸಿದಳು. ಗಲಾಟೆ ಅಂಗಳಕ್ಕೆ ಕೇಳಿತು. ಓಡಿಬಂದ ಗಂಟಮ್ಮ ಬಾಗಿಲ ತನಕ ಬಂದು, ಒಂದು ಕ್ಷಣ ಕಿವಿಗೊಟ್ಟು, ಒಳಗೆ ಹೋಗದೆ ವಾಪಸಾದರು.

ಇಂದು ಅವಳು ಬರುವ ದಿನ. ಬಿಡುವಿನ ಹೊತ್ತಾಗಿದೆ. ಗಂಟಮ್ಮ ಹಳಿಗೆ ಬಡಿಯುತ್ತಾರೆ, ಸುತ್ತಿಗೆ ಹಿಡಿದು ಮೂಲೆಯ ಕೋಣೆಯತ್ತ ತಿರುಗುತ್ತಾರೆ, ಅಷ್ಟರಲ್ಲಿ ಒಳಗಿನಿಂದ ಎಳೆಯ ಸ್ವರವೊಂದು ಕೇಳಿಸುತ್ತದೆ. "ಢಣ್." ಯಾರೋ ಕಿಸಕ್ಕೆನ್ನುತ್ತಾರೆ. "ಢಣ್. ಢಣ್." ಮೊಮ್ಮಗಳು ಮೈಕಿನ ಮುಂದೆ ಬಾಗಿದ್ದಾಳೆ, ಕಿವಿ ಕೆಂಪಾಗಿದೆ, ಪರದೆ ಖಾಲಿಯಾಗುತ್ತಿದೆ.

ಗಂಟಮ್ಮ ಅಂಗಳದಲ್ಲೇ ನಿಲ್ಲುತ್ತಾರೆ. "ಸ್ವರ ಪರವಾಗಿಲ್ಲ," ಎನ್ನುತ್ತಾರೆ. "ಆದ್ರೆ ಆತುರ ಜಾಸ್ತಿ. ನಾನು ಬಾಗಿಲಿಗೆ ಬರೋಕೆ ಮುಂಚೆನೇ ಮುಗಿಸಿಬಿಡ್ತಾಳೆ."

ವಾರ ಪೂರ್ತಿ ಬರಲಿ ಎಂಬ ಆಸೆ ಇಲ್ಲವೇ? ಮುಂದಿನ ವರ್ಷಕ್ಕಾದರೂ?

"ಕೇಳ್ಬೇಡ ಅಂದಿದಾಳೆ. ಕೇಳಲ್ಲ." ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ಒಮ್ಮೆ ಕೋಣೆಯ ಕಡೆ ನೋಡುತ್ತಾರೆ. "ಗಂಟಲು ಸ್ವಲ್ಪ ನೋಯ್ತಿದೆ ಅಂತ ಮಾತ್ರ ಹೇಳಿಟ್ಟಿದೀನಿ."