ಶೇಕರ್ ಬಾಗಿಲಿನ ಕತೆ

“ಈ ಬಾಗಿಲಿನ ಡಿಸೈನಿಗೆ ಶೇಕರ್ ಅಂತ ಯಾಕೆ ಹೆಸರು?” ಬಹರೈನಿನ ಗುದೈಬಿಯಾದಲ್ಲಿರುವ ನಮ್ಮ ಕಿಚನ್ ಕ್ಯಾಬಿನೆಟ್ ಅಂಗಡಿಯಲ್ಲಿ ಉಡುಪಿ ಕಡೆಯ ಮಹಿಳೆಯೊಬ್ಬರು ಕೇಳಿದರು. ಗಿರಾಕಿಗಳಿಗೆಲ್ಲ ಹೇಳುವ ಕತೆಯನ್ನು ಹುರುಪಿನಿಂದ ಒಪ್ಪಿಸಿದೆ. ಪ್ರಾರ್ಥನೆಯಲ್ಲಿ ಮೈ ನಡುಗಿಸಿ ಕುಣಿಯುತ್ತಿದ್ದರಿಂದ ಶೇಕರ್ ಎಂದು ಹೆಸರಾದ, ಅಮೆರಿಕದ ಹಳೆಯ ಕ್ರೈಸ್ತ ಪಂಥದವರ ಮರಗೆಲಸವಿದು. ಪಂಥ ಕಟ್ಟಿದವಳು ಓದುಬರಹ ಬಾರದ ಗಿರಣಿ ಕೆಲಸದವಳು. ಹೆತ್ತ ನಾಲ್ಕೂ ಮಕ್ಕಳು ಎಳವೆಯಲ್ಲೇ ಸತ್ತು, ಆ ದುಃಖದಲ್ಲೇ ದೇವರನ್ನು ಕಂಡವಳು.

ಬಾಗಿಲು ಸವರುತ್ತಿದ್ದ ಅವರ ಕೈ ನಿಂತಿತು.

“ನನ್ನದು ಮೂರು ಹೋಯ್ತು ಮಾರಾಯ್ರೆ. ಅವಳಿಗೆ ದೇವರಾದ್ರೂ ಸಿಕ್ಕಿದ. ನನಗೆ ಎಂತ ಸಿಕ್ಕಿತು?”

ಆರ್ಡರ್ ಫಾರಂ ಅವರತ್ತ ಸರಿಸಿದೆ. ಮಕ್ಕಳು ತೆರೆಯದಂತೆ ಕೆಳಗಿನ ಬಾಗಿಲುಗಳಿಗೆ ಲಾಕ್ ಬೇಕೇ ಎಂಬ ಪ್ರಶ್ನೆ ಅದರಲ್ಲಿರುತ್ತದೆ. ಅವರೇ ಪೆನ್ನು ತೆಗೆದುಕೊಂಡು ‘ಬೇಡ’ ಎಂದು ಬರೆದರು.

ಕತೆ ಹೇಳುವುದನ್ನು ಅಂದೇ ಬಿಟ್ಟೆ. ಲಾಕಿನ ಪ್ರಶ್ನೆಯನ್ನು ಮಾತ್ರ ದಿನಾ ಎಲ್ಲರನ್ನೂ ಕೇಳಲೇಬೇಕು.